ಊದಿ ಊದಿ ಕೆಟ್ಟ ಗಾಡಿ: ಶಹಾಬಾದ್ ದಾರಿಯ ಒಂದು ಪ್ರಕರಣ

ಈ ಗಾಡಿಗೆ ಒಂದು ಸರ್ವಿಸ್ ಕೂಡ ತಪ್ಪಿರಲಿಲ್ಲ. ಆದರೂ 48,000 ಕಿಲೋಮೀಟರಿಗೆ ಬ್ಲಾಕ್ ಪಿಸ್ಟನ್, ಅಂದರೆ ಎಂಜಿನ್ನಿನ ಸಿಲಿಂಡರ್ ಮತ್ತು ಅದರೊಳಗೆ ಮೇಲೆ ಕೆಳಗೆ ಆಡುವ ಭಾಗ, ಹೋಯಿತು. 100 ಸಿಸಿ ಗಾಡಿಗಳು ಇದರ ಎರಡು ಪಟ್ಟು ಓಡಿಯೂ ಹೆಡ್ (ಸಿಲಿಂಡರಿನ ಮೇಲಿನ ಮುಚ್ಚಳ) ಬಿಚ್ಚದೆ ನಡೆದಿದ್ದನ್ನು ನಾನೇ ಕಂಡಿದ್ದೇನೆ. ಆಯಿಲ್ ಬದಲಿಸದೆ, ಚೈನ್ ನೋಡದೆ ಕೆಟ್ಟ ಗಾಡಿಗಳು ಗ್ಯಾರೇಜಿಗೆ ದಿನಾ ಬರುತ್ತವೆ, ಅವುಗಳ ಬಗ್ಗೆ ಬರೆಯೋದಕ್ಕೆ ಏನೂ ಇಲ್ಲ. ಇದರ ಮಾಲೀಕರು ಪ್ರತಿ ಭಾನುವಾರ ಗಾಡಿಯ ಮುಂದೆ ಕೂರುವವರು. ಅದಕ್ಕೇ ಇದನ್ನು ಪೂರ್ತಿ ಬರೆದಿಡುತ್ತಿದ್ದೇನೆ.

ಅವರು ಒಪ್ಪಿದ ಮೇಲೆಯೇ ಬರೆದಿದ್ದು. ಹೆಸರು, ಕಾರ್ಖಾನೆ, ಗಾಡಿಯ ಕಂಪನಿ, ಸರ್ವಿಸ್ ಸೆಂಟರ್ ಯಾವುದನ್ನೂ ಹೇಳಿಲ್ಲ. ಗುರುತು ಸಿಗಬಾರದು ಅಂತ ಒಂದೆರಡು ಸಣ್ಣ ವಿವರ ಬದಲಿಸಿದ್ದೇನೆ. ಅವರು ಲೆಕ್ಕ ಬರೆಯುವವರು, ಹಾಗಾಗಿ ಮುನೀಮರು ಅನ್ನೋಣ. ಕೊನೆಗೆ ಎಂಜಿನ್ ಬಿಚ್ಚಿದವರು ಉಸ್ತಾದ್. ನಮ್ಮ ಕಲಬುರಗಿ ಕಡೆ ಹಳೆಯ ಮೆಕ್ಯಾನಿಕ್‌ಗಳನ್ನೆಲ್ಲ ಹಾಗೇ ಕರೆಯುತ್ತಾರೆ, ಯಾವ ಉಸ್ತಾದ್ ಅಂತ ಯಾರಿಗೂ ತಿಳಿಯೋದಿಲ್ಲ. ನಾನು ಒಂದು ಐಟಿಐನಲ್ಲಿ ಮೋಟಾರ್ ಮೆಕ್ಯಾನಿಕ್ ಕಲಿಸುವವನು.

ಹಿನ್ನೆಲೆ

ಮುನೀಮರ ಮನೆ ಕಲಬುರಗಿಯಲ್ಲಿ. ಕೆಲಸ ಶಹಾಬಾದ್ ಕಡೆಯ ಒಂದು ಫರ್ಸಿ (ನೆಲಕ್ಕೆ ಹಾಸುವ ಕಲ್ಲು) ಪಾಲಿಶ್ ಕಾರ್ಖಾನೆಯಲ್ಲಿ. ಹೋಗಿ ಬರಲು ದಿನಕ್ಕೆ 58 ಕಿಲೋಮೀಟರ್, ತಿಂಗಳಿಗೆ 25 ದಿನ. ಅಂದರೆ ತಿಂಗಳಿಗೆ ಸುಮಾರು 1,450. ಗಾಡಿ 2017ರದು, ಕಾರ್ಬುರೇಟರ್ ಇರುವ 100 ಸಿಸಿ. 2021ರ ಡಿಸೆಂಬರಿನಲ್ಲಿ ಅವರು ಈ ಕೆಲಸಕ್ಕೆ ಸೇರಿದಾಗ ಮೀಟರ್ 22,000 ತೋರಿಸುತ್ತಿತ್ತು. ಅಲ್ಲಿಯವರೆಗೆ ಅದು ಓಡಿದ್ದೆಲ್ಲ ಊರೊಳಗೆ. ಸೂಪರ್ ಮಾರ್ಕೆಟ್, ಸ್ಟೇಷನ್, ಶರಣಬಸವೇಶ್ವರ ಗುಡಿ, ಹೆಚ್ಚೆಂದರೆ ವರ್ಷಕ್ಕೊಮ್ಮೆ ಗಾಣಗಾಪುರ.

ಶಹಾಬಾದ್ ಕಡೆ ಹೋದವರಿಗೆ ಆ ದಾರಿ ಗೊತ್ತು. ಬದಿಗೆ ಒಡೆದ ಫರ್ಸಿಯ ಗುಡ್ಡೆಗಳು, ಕಲ್ಲು ಹೇರಿದ ಟ್ರ್ಯಾಕ್ಟರ್‌ಗಳು, ಸಿಮೆಂಟ್ ಲಾರಿಗಳು. ಪಾಲಿಶ್ ಮಾಡುವಾಗ ಮಷಿನ್ ಮೇಲೆ ನೀರು ಬಿಡುತ್ತಾರೆ, ಆಗ ಧೂಳು ಏಳುವುದಿಲ್ಲ. ಆ ನೀರು ಹೊರಗೆ ಹರಿದು ಒಣಗಿದ ಮೇಲೆ ಬೂದಿಯ ಹಾಗಾಗುತ್ತದೆ. ಅದರ ಮೇಲೆ ಒಂದು ಲಾರಿ ಹಾದರೆ ಮುಂದಿನದು ಕಾಣೋದಿಲ್ಲ. ಸಂಜೆ ಮನೆಗೆ ಬಂದಾಗ ಮುನೀಮರ ಹುಬ್ಬು, ಮೀಸೆ ಎಲ್ಲ ಬೆಳ್ಳಗೆ. 'ಮುಂಜಾನಿ ಹರೇದವರು ಹೋಗ್ತಾರ, ಸಂಜಿಕಿ ಮುದುಕರು ಬರ್ತಾರ' ಅಂತ ಮನೆಯವರು ನಗುತ್ತಿದ್ದರು.

ಶಹಾಬಾದ್ ಕಲ್ಲು ಸುಣ್ಣಕಲ್ಲಿನ ಜಾತಿ. ಅದರ ಪುಡಿ ಅಷ್ಟೇನೂ ಗಟ್ಟಿಯಲ್ಲ, ಕಲ್ಲಿನ ಮೇಲೆ ಚಾಕುವಿನಿಂದ ಗೀರಿದರೆ ಗೆರೆ ಬೀಳುತ್ತದೆ. ಅದರ ಜೊತೆ ಸೇರಿರುವ ಮರಳಿನ ಕಣ ಹಾಗಲ್ಲ. ಪಾಲಿಶ್ ಮಷಿನ್ನಿನ ಸಾಣೆಕಲ್ಲಿನಿಂದ ಉದುರುವ ಪುಡಿಯೂ ಹಾಗಲ್ಲ. ಸಿಲಿಂಡರಿನ ಕಬ್ಬಿಣಕ್ಕಿಂತ ಇವೆರಡೂ ಗಟ್ಟಿ. 100 ಸಿಸಿ ಎಂಜಿನ್ 5,000 ಸುತ್ತಿನಲ್ಲಿ, ಪೂರ್ತಿ ರೇಸ್ ಕೊಟ್ಟಾಗ, ನಿಮಿಷಕ್ಕೆ 200 ಲೀಟರಿನಷ್ಟು ಗಾಳಿ ಎಳೆಯುತ್ತದೆ. ಅಷ್ಟೂ ಗಾಳಿ ಒಂದು ಕಾಗದದ ಫಿಲ್ಟರ್ ದಾಟಿ ಒಳಗೆ ಹೋಗಬೇಕು.

ಮುನೀಮರ ಭಾನುವಾರದ ಕೆಲಸ ಹೀಗಿತ್ತು: ಗಾಡಿ ತೊಳೆಯೋದು, ಚೈನಿಗೆ ಎಣ್ಣೆ, ಬ್ರೇಕ್ ಎಳೆದು ನೋಡೋದು, ಆಯಿಲ್ ಕಡ್ಡಿ ತೆಗೆದು ನೋಡೋದು. ಶನಿವಾರ ಸಂಜೆ ಕಾರ್ಖಾನೆಯಲ್ಲೇ ಏರ್ ಫಿಲ್ಟರ್ ಬಿಚ್ಚಿ ಕಂಪ್ರೆಸರಿನಿಂದ ಊದೋದು. ಪೆಟ್ರೋಲ್ ಹಾಕಿಸಿದ ದಿನ, ಮೀಟರ್, ಲೀಟರ್ ಎಲ್ಲವೂ ಒಂದು ಪಾಕೆಟ್ ನೋಟ್‌ಬುಕ್ಕಿನಲ್ಲಿ. ಈ ನೋಟ್‌ಬುಕ್ ಇಲ್ಲದಿದ್ದರೆ ನಾನು ಈ ಪ್ರಕರಣ ಬರೆಯಲು ಆಗುತ್ತಿರಲಿಲ್ಲ.

ತೊಂದರೆ

2023ರ ಫೆಬ್ರುವರಿ, ಮೀಟರ್ 42,300. ಬೆಳಿಗ್ಗೆ ಕಿಕ್ ಹೊಡೆದಾಗ ಸೈಲೆನ್ಸರಿನಿಂದ ತೆಳು ನೀಲಿ ಹೊಗೆ. ಚಳಿಗೆ ಇರಬೇಕು ಅಂದುಕೊಂಡರು. ಚಳಿಗೆ ಬರುವ ನೀರಿನ ಹಬೆ ಬೆಳ್ಳಗಿರುತ್ತದೆ, ವಾಸನೆ ಇರೋದಿಲ್ಲ, ಎರಡು ನಿಮಿಷಕ್ಕೆ ಹೋಗಿಬಿಡುತ್ತದೆ. ಇದಕ್ಕೆ ಸುಟ್ಟ ಎಣ್ಣೆಯ ವಾಸನೆ ಇತ್ತು. ಮಾರ್ಚ್ ಹೊತ್ತಿಗೆ ಲೀಟರಿಗೆ 62 ಕೊಡುತ್ತಿದ್ದ ಗಾಡಿ 55ಕ್ಕೆ ಬಂತು. ಹಿಂದೆ ಒಬ್ಬರು ಕೂತರೆ ಸೇತುವೆ ಏರುವಾಗ ಮೂರನೇ ಗೇರ್.

ಆಯಿಲ್ ಮಾತ್ರ ಸರಿ ಇತ್ತು. ಪ್ರತಿ ಭಾನುವಾರ ಕಡ್ಡಿಯ ಮೇಲಿನ ಗೆರೆಯ ಹತ್ತಿರವೇ ಕಾಣುತ್ತಿತ್ತು. ಇದು ಹೇಗೆ ಅಂತ ನನಗೆ ಬಹಳ ದಿನ ಅರ್ಥವಾಗಿರಲಿಲ್ಲ. ಹೊಗೆ ಬರುತ್ತಿದೆ ಅಂದರೆ ಆಯಿಲ್ ಉರಿಯುತ್ತಿದೆ, ಉರಿದರೆ ಕಡಿಮೆ ಆಗಲೇಬೇಕು. ಏಪ್ರಿಲ್‌ನಲ್ಲಿ ಒಂದು ದಿನ ಅವರು ನೋಡುವ ರೀತಿಯನ್ನು ಎದುರಿಗೆ ನಿಂತು ನೋಡಿದೆ. ಅವರು ಕಡ್ಡಿ ಒರೆಸಿ, ತೂತಿಗೆ ಇಟ್ಟು, ಮರೆ ತಿರುಗಿಸಿ ಪೂರ್ತಿ ಬಿಗಿ ಮಾಡಿ, ಮತ್ತೆ ಬಿಚ್ಚಿ ನೋಡುತ್ತಿದ್ದರು. ಈ ಮಾದರಿಯ ಗಾಡಿಗಳಲ್ಲಿ ಕಡ್ಡಿಯನ್ನು ತಿರುಗಿಸಬಾರದು, ಸುಮ್ನೆ ತೂತಿನ ಮೇಲೆ ಕೂರಿಸಿ ತೆಗೆಯಬೇಕು. ತಿರುಗಿಸಿದರೆ ಕಡ್ಡಿ ಇನ್ನಷ್ಟು ಕೆಳಗೆ ಇಳಿಯುತ್ತದೆ, ಕಡಿಮೆ ಇದ್ದ ಆಯಿಲ್ ಜಾಸ್ತಿ ಇರುವ ಹಾಗೆ ಕಾಣುತ್ತದೆ. ಗಾಡಿಯೂ ಸೈಡ್ ಸ್ಟ್ಯಾಂಡ್ ಮೇಲೆ ಇರಬಾರದು. ಡಬಲ್ ಸ್ಟ್ಯಾಂಡ್ ಹಾಕಿ, ಎಂಜಿನ್ ಎರಡು ಮೂರು ನಿಮಿಷ ಓಡಿಸಿ, ಬಂದ್ ಮಾಡಿ, ಅಷ್ಟೇ ಹೊತ್ತು ಬಿಟ್ಟು ನೋಡಬೇಕು.

ಹಾಗೆ ನೋಡಿದರೆ ಆಯಿಲ್ ಕೆಳಗಿನ ಗೆರೆಯನ್ನೂ ಮುಟ್ಟುತ್ತಿರಲಿಲ್ಲ.

ಎರಡು ತಿಂಗಳು ಹೀಗೆ ಹೋಗಿತ್ತು. ಅಲ್ಲಿಂದ ಅಳತೆ ಇಟ್ಟು ಹಾಕಲು ಶುರು ಮಾಡಿದರು. ಏಪ್ರಿಲ್‌ನಲ್ಲಿ 1,000 ಕಿಲೋಮೀಟರಿಗೆ 200 ಮಿಲಿ, ಮೇ ಕೊನೆಗೆ 300 ಮಿಲಿ. ಈ ಎಂಜಿನ್ ಹಿಡಿಯೋದೇ 900 ಮಿಲಿ. 3,000 ಕಿಲೋಮೀಟರ್‌ವರೆಗೆ ಕಡ್ಡಿ ನೋಡದೆ ಬಿಟ್ಟಿದ್ದರೆ ಏನೂ ಉಳಿಯುತ್ತಿರಲಿಲ್ಲ, ಕ್ರ್ಯಾಂಕ್ (ಎಂಜಿನ್ನಿನ ಮುಖ್ಯ ತಿರುಗುವ ದಂಡ) ಕೂಡ ಹಿಡಿದು ನಿಂತುಬಿಡುತ್ತಿತ್ತು.

ಏನೇನು ಮಾಡಿದರು

ಮೊದಲು ಸರ್ವಿಸ್ ಸೆಂಟರ್. ಆಯಿಲ್ ಬದಲಿಸಿದರು, ಹೊಸ ಪ್ಲಗ್ ಹಾಕಿದರು, ಕಾರ್ಬುರೇಟರ್ ಟ್ಯೂನ್ ಮಾಡಿದರು. 'ಹಳೇ ಗಾಡಿ ಸರ್, ಇಷ್ಟು ನಾರ್ಮಲ್' ಅಂದರು. ತೆಗೆದ ಪ್ಲಗ್ ಕರ್ರಗೆ, ಜಿಡ್ಡಾಗಿತ್ತು. ಪೆಟ್ರೋಲ್ ಜಾಸ್ತಿಯಾಗಿ ಕಟ್ಟಿದ ಮಸಿ ಒಣಗಿರುತ್ತದೆ, ಒರೆಸಿದರೆ ಬೆರಳಿಗೆ ಕಾಡಿಗೆಯ ಹಾಗೆ ಬರುತ್ತದೆ. ಇದು ಎಣ್ಣೆಯ ಮಸಿ. ಅದನ್ನು ಯಾರೂ ನೋಡಲಿಲ್ಲ, ಪ್ಲಗ್ ಕಸಕ್ಕೆ ಹೋಯಿತು.

ಆಮೇಲೆ ಗಟ್ಟಿ ಆಯಿಲ್. ಗಾಡಿಯ ಜೊತೆ ಬಂದ ಪುಸ್ತಕದಲ್ಲಿ ಹೇಳಿದ್ದು 10ಡಬ್ಲ್ಯು-30, ಈ ಅಂಕಿ ದೊಡ್ಡದಾದಷ್ಟೂ ಆಯಿಲ್ ಗಟ್ಟಿ. ಅಂಗಡಿಯವನು 20ಡಬ್ಲ್ಯು-40 ಕೊಟ್ಟ. ಹೊಗೆ ಒಂದಿಷ್ಟು ಕಡಿಮೆ ಆಯಿತು, ಬೆಳಿಗ್ಗೆ ಕಿಕ್ ಭಾರ ಆಯಿತು. ಆಯಿಲ್ ಉರಿಯೋದು ನಿಲ್ಲಲಿಲ್ಲ.

ಮೂರನೆಯದು ನಿಜವಾಗಿ ದಾರಿ ತಪ್ಪಿಸಿತು. ಮುನೀಮರ ಅಕ್ಕನ ಮಗ ಹೊಸ ಕಾರು ತೆಗೆದುಕೊಂಡಿದ್ದ. ಸರ್ವಿಸ್ ಆದಾಗ ಒಂದು ಲೀಟರ್ ಸಿಂಥೆಟಿಕ್ ಆಯಿಲ್ ಉಳಿದಿತ್ತು. 'ಮಾಮಾ, ಇದು ಭಾಳ ತುಟ್ಟಿ ಆಯಿಲ್ ಅದ, ನಿಮ್ಮ ಗಾಡಿಗಿ ಹಾಕ್ರಿ' ಅಂತ ಪ್ರೀತಿಯಿಂದ ಕೊಟ್ಟ. ಕಾರಿನ 5ಡಬ್ಲ್ಯು-30. ಹತ್ತೇ ದಿನಕ್ಕೆ ಹೊಸ ರೋಗ: ರೇಸ್ ಕೊಟ್ಟರೆ ಎಂಜಿನ್ ಕೂಗುತ್ತದೆ, ಗಾಡಿ ಮುಂದೆ ಹೋಗೋದಿಲ್ಲ. ಕ್ಲಚ್ ಜಾರುತ್ತಿತ್ತು.

ಇದು ಬಹಳ ಜನಕ್ಕೆ ಗೊತ್ತಿರೋದಿಲ್ಲ. ಕಾರಿನಲ್ಲಿ ಕ್ಲಚ್ ಬೇರೆ ಜಾಗದಲ್ಲಿ, ಒಣಗಿದ್ದು. ಬೈಕಿನಲ್ಲಿ ಕ್ಲಚ್ ಪ್ಲೇಟುಗಳು ಎಂಜಿನ್ ಆಯಿಲ್‌ನಲ್ಲೇ ಮುಳುಗಿರುತ್ತವೆ. ಪೆಟ್ರೋಲ್ ಉಳಿಸಲೆಂದು ಕಾರಿನ ತೆಳು ಆಯಿಲ್‌ಗಳಿಗೆ ಜಾರಿಸುವ ಮದ್ದು ಬೆರೆಸುತ್ತಾರೆ. ಎಂಜಿನ್ನಿಗೆ ಅದು ಒಳ್ಳೆಯದೇ. ಆದರೆ ಬೈಕಿನ ಪ್ಲೇಟುಗಳು ಒಂದನ್ನೊಂದು ಕಚ್ಚಿ ಹಿಡಿಯಬೇಕು, ಜಾರಬಾರದು. ಡಬ್ಬಿಯ ಮೇಲೆ 'ಜಾಸೋ ಎಂಎ' (ಬೈಕ್ ಆಯಿಲ್‌ಗೆ ಜಪಾನಿನವರು ಮಾಡಿದ ಗುರುತು) ಅಂತ ಇದ್ದರೆ ಬೈಕಿಗೆ, ಕ್ಲಚ್ಚಿನ ಮಟ್ಟಿಗೆ ಅಷ್ಟು ನೋಡಿದರೆ ಸಾಕು. ಬೆಲೆ ನೋಡಿ ಆಯಿಲ್ ಆರಿಸಬಾರದು.

ಕ್ಲಚ್ ಜಾರುತ್ತದೆ ಅಂದ ತಕ್ಷಣ ಮನೆ ಹತ್ತಿರದ ಗ್ಯಾರೇಜಿನ ಹುಡುಗ ಕ್ಲಚ್ ಪ್ಲೇಟ್ ಬದಲಿಸಿದ. ಆಯಿಲ್ ಅದನ್ನೇ ಸೋಸಿ ವಾಪಸ್ ಹಾಕಿದ, 'ತುಟ್ಟಿ ಆಯಿಲ್, ಚೆಲ್ಲಬ್ಯಾಡ್ರಿ' ಅಂತ. ಹೊಸ ಪ್ಲೇಟೂ ಜಾರಿದವು. ಮುನೀಮರು ಹಳೆಯ ಪ್ಲೇಟುಗಳನ್ನು ಒಂದು ಬಿಸ್ಕತ್ ಡಬ್ಬಿಯಲ್ಲಿ ಇಟ್ಟುಕೊಂಡಿದ್ದರು. ಅವರು ಏನನ್ನೂ ಎಸೆಯುವವರಲ್ಲ. ನಾನು ವರ್ನಿಯರ್ ಹಿಡಿದು ಅಳೆದಾಗ ಹಳೆಯದಕ್ಕೂ ಹೊಸದಕ್ಕೂ ಫರಕು ಬಹಳ ಕಡಿಮೆ. ಚೆನ್ನಾಗಿದ್ದ ಪ್ಲೇಟುಗಳನ್ನು ತೆಗೆದುಹಾಕಿದ್ದರು.

ನಾಲ್ಕನೆಯದು ವಾಲ್ವ್ ಸೀಲ್, ಅಂದರೆ ಹೆಡ್‌ನೊಳಗಿನ ವಾಲ್ವ್ ಕಡ್ಡಿಯ ಸುತ್ತ ಎಣ್ಣೆ ಇಳಿಯದಂತೆ ತಡೆಯುವ ರಬ್ಬರ್. ಬೆಳಿಗ್ಗೆ ಮಾತ್ರ ಹೊಗೆ ಬಂದರೆ ವಾಲ್ವ್ ಸೀಲ್ ಅಂತ ಗ್ಯಾರೇಜುಗಳಲ್ಲಿ ಒಂದು ಮಾತಿದೆ, ತಪ್ಪಲ್ಲ. ರಾತ್ರಿಯೆಲ್ಲ ಎಣ್ಣೆ ಸೀಲಿನಿಂದ ತೊಟ್ಟಿಕ್ಕಿ ಬೆಳಿಗ್ಗೆ ಒಮ್ಮೆ ಸುಡುತ್ತದೆ. ಆದರೆ ಮೇ ಹೊತ್ತಿಗೆ ಹೊಗೆ ಬೆಳಿಗ್ಗೆ ಮಾತ್ರ ಬರುತ್ತಿರಲಿಲ್ಲ, ರೇಸ್ ಕೊಟ್ಟಾಗಲೆಲ್ಲ ಬರುತ್ತಿತ್ತು. ಮುನೀಮರು ಫೆಬ್ರುವರಿಯಲ್ಲಿ ಕಂಡಿದ್ದನ್ನೇ ಮೇನಲ್ಲೂ ಹೇಳಿದರು, ಹುಡುಗ ಅದನ್ನೇ ನಂಬಿದ. ಹೆಡ್ ಬಿಚ್ಚಿ ಸೀಲ್ ಬದಲಿಸಿದ. ಎರಡು ವಾರ ಹೊಗೆ ಕಡಿಮೆ ಅನಿಸಿತು.

ನನ್ನ ಲೆಕ್ಕದಲ್ಲಿ ಕೈತಪ್ಪಿದ ಜಾಗ ಇದೇ. ಹೆಡ್ ಬಿಚ್ಚಿದ ಮೇಲೆ ಸಿಲಿಂಡರ್ ತೆರೆದ ಬಾವಿಯ ಹಾಗೆ ಎದುರಿಗೆ ಇರುತ್ತದೆ. ಪಿಸ್ಟನ್ ಕೆಳಗೆ ಇಳಿಸಿ, ಒಳಗೆ ಬೆರಳು ಆಡಿಸಿ, ಟಾರ್ಚ್ ಹಾಕಿ ನೋಡಲು ಒಂದು ನಿಮಿಷ. ಹುಡುಗ ನೋಡಲಿಲ್ಲ. ಕೇಳಿದ್ದು ಸೀಲ್, ಮಾಡಿದ್ದು ಸೀಲ್. ಅವನ ಮೇಲೆ ನನಗೆ ಸಿಟ್ಟಿಲ್ಲ. ನಾವು ಐಟಿಐನಲ್ಲಿ ಕಲಿಸೋದೂ ಹಾಗೇ, ಒಂದು ಕೆಲಸಕ್ಕೆ ಒಂದು ಹಾಳೆ.

ತಿರುವು

ಜೂನ್ ಮೊದಲ ವಾರ, 48,300. ಇನ್ನೂ ಮಳೆ ಬಿದ್ದಿರಲಿಲ್ಲ. ಕಲಬುರಗಿಗೆ 42–43 ಡಿಗ್ರಿ ಬಿಸಿಲು ಹೊಸದಲ್ಲ, ಆ ವಾರ ಮಾತ್ರ ಯಾಕೋ ಜಾಸ್ತಿ ಅನಿಸಿತ್ತು. ರಿಂಗ್ ರಸ್ತೆ ಬದಿಯ ಉಸ್ತಾದರ ಬೇವಿನ ಮರದ ಕೆಳಗೆ ನಾನೂ ಮುನೀಮರೂ ಹೋಗಿ ಕೂತೆವು. ಉಸ್ತಾದ್ ಗಾಡಿ ಮುಟ್ಟಲಿಲ್ಲ. ಮೊದಲು ನೋಟ್‌ಬುಕ್ ಕೇಳಿದರು. ನಾನು ಹೇಳಿದ್ದೆ, ಇವರು ಬರೆದಿಡುತ್ತಾರೆ ಅಂತ.

'ಹೊಗಿ ಯಾವಾಗ ಬರ್ತದ ಮುನೀಮ್ ಸಾಬ್? ಬರೇ ಮುಂಜಾನಿನೋ, ರೇಸ್ ಕೊಟ್ಟಾಗನೂ ಬರ್ತದೋ?'

'ಈಗ ಎಲ್ಲಾ ಟೈಮಿಗೂ ಬರ್ತದ್ರಿ ಉಸ್ತಾದ್.'

'ಹಂಗಾದ್ರ ಫಿಲ್ಟರ್ ತೋರಸ್ರಿ.'

ಮುನೀಮರು ಹೆಮ್ಮೆಯಿಂದಲೇ ಬಿಚ್ಚಿ ಕೊಟ್ಟರು. ಫಿಲ್ಟರ್ ಬೆಳ್ಳಗೆ, ಹೊಸದರ ಹಾಗೆ ಇತ್ತು. ಶಹಾಬಾದ್ ದಾರಿಯಲ್ಲಿ ಓಡುವ ಗಾಡಿಯ ಫಿಲ್ಟರ್ ಇದು ಅಂದರೆ ಯಾರೂ ನಂಬುತ್ತಿರಲಿಲ್ಲ. ಉಸ್ತಾದ್ ಅದನ್ನು ಬಿಸಿಲಿಗೆ ಹಿಡಿದು ನಮಗೆ ತೋರಿಸಿದರು. ಮಡಿಕೆಗಳ ತುದಿಯಲ್ಲಿ ಸೂಜಿ ಚುಚ್ಚಿದ ಹಾಗೆ ಬೆಳಕು. ಒಂದೆರಡಲ್ಲ, ಎಣಿಸುತ್ತಾ ಹದಿನೇಳಕ್ಕೆ ಬಿಟ್ಟೆ. ಆಮೇಲೆ ಫಿಲ್ಟರ್ ಪೆಟ್ಟಿಗೆಯಿಂದ ಕಾರ್ಬುರೇಟರಿಗೆ ಹೋಗುವ ರಬ್ಬರ್ ಕೊಳವೆಯೊಳಗೆ ಬೆರಳು ಹಾಕಿ ಒರೆಸಿ ತೆಗೆದರು. ಅದು ಫಿಲ್ಟರಿನಿಂದ ಒಳಗಿನ ಜಾಗ, ಅಲ್ಲಿ ಧೂಳು ಇರಲೇಬಾರದು. ಬೆರಳಿಗೆ ಬೂದಿ ಬಣ್ಣದ ಪುಡಿ ಹತ್ತಿತ್ತು.

'ಯಾರು ಹೇಳಿದ್ರು ನಿಮಗ, ವಾರಕ್ಕೊಮ್ಮಿ ಊದ್ಲಾಕ?'

ಮುನೀಮರು ನನ್ನ ಕಡೆ ನೋಡಿದರು. 'ಮಾಸ್ತರ್ರೇ ಹೇಳಿದ್ರು.'

ಹೌದು, ನಾನೇ. ಅವರು ಕೆಲಸಕ್ಕೆ ಸೇರಿದ ಹೊಸತರಲ್ಲಿ ಒಂದು ಮದುವೆಯಲ್ಲಿ ಪಕ್ಕಪಕ್ಕ ಊಟಕ್ಕೆ ಕೂತಿದ್ದೆವು. ದಾರಿ ಎಂಥದು ಅಂತ ಕೇಳಿ, 'ಧೂಳಿನ ದಾರಿ ಅದ, ಫಿಲ್ಟರ್ ಆಗಾಗ ಊದಸ್ಕೋತ ಇರ್ರಿ' ಅಂದಿದ್ದೆ. ಎಷ್ಟು ದಿನಕ್ಕೆ, ಎಷ್ಟು ಒತ್ತಡದಲ್ಲಿ, ಯಾವ ಕಡೆಯಿಂದ ಅಂತ ಹೇಳಿರಲಿಲ್ಲ. ಊಟದ ಮಧ್ಯೆ ಹೇಳಿದ ಮಾತು, ನಾನು ಮರೆತಿದ್ದೆ. ಮಾತು ಕೇಳುವ ಮನುಷ್ಯ ಅವರು, ಒಂದೂವರೆ ವರ್ಷ ತಪ್ಪದೆ ಮಾಡಿದರು.

ಕಾರ್ಖಾನೆಯ ಕಂಪ್ರೆಸರ್ ಗೇಜ್ 120 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ತೋರಿಸುತ್ತದೆ. ಮುನೀಮರು ನಳಿಕೆಯನ್ನು ಕಾಗದಕ್ಕೆ ತಾಗಿಸಿ, ಧೂಳು ಕಂಡ ಕಡೆಯಿಂದಲೇ, ಅಂದರೆ ಹೊರಗಿನಿಂದ ಊದುತ್ತಿದ್ದರು. ಧೂಳು ಹೊರಗಿದೆ ಅಂದಮೇಲೆ ಅಲ್ಲೇ ಊದಬೇಕು ಅನಿಸೋದು ಸಹಜ ಅಲ್ವಾ? ಆದರೆ ಹಾಗೆ ಊದಿದರೆ ಒಂದಿಷ್ಟು ಹಾರಿಹೋಗುತ್ತದೆ, ಉಳಿದದ್ದು ಕಾಗದದ ಎಳೆಗಳೊಳಗೆ ಹೊಕ್ಕು ಅದನ್ನು ಹರಿಯುತ್ತದೆ. ಊದಲೇಬೇಕಾದರೆ ಒಳಗಿನಿಂದ ಹೊರಗೆ, ಒಂದು ಗೇಣು ದೂರದಿಂದ, ಮೆಲ್ಲಗೆ.

ಇನ್ನೊಂದು ವಿಷಯ ಇದೆ. ಇದನ್ನು ನಾನು ತರಗತಿಯಲ್ಲಿ ಹೇಳಿದರೆ ಹುಡುಗರು ನಂಬೋದಿಲ್ಲ. ಸ್ವಲ್ಪ ಧೂಳು ಹಿಡಿದ ಕಾಗದದ ಫಿಲ್ಟರ್ ಹೊಸದಕ್ಕಿಂತ ಚೆನ್ನಾಗಿ ಸೋಸುತ್ತದೆ. ಮೊದಲು ಕೂತ ಧೂಳೇ ಕಾಗದದ ರಂಧ್ರಗಳನ್ನು ಇನ್ನಷ್ಟು ಸಣ್ಣದು ಮಾಡಿ, ಹಿಂದೆ ಬರುವ ನುಣುಪು ಧೂಳನ್ನು ತಡೆಯುತ್ತದೆ. ಬಾವಿ ನೀರು ಸೋಸುವ ಬಟ್ಟೆ ಎರಡು ಕೊಡ ಆದಮೇಲೆ ಇನ್ನೂ ತಿಳಿಯಾಗಿ ಸೋಸುತ್ತದಲ್ಲ, ಹಾಗೆ. ವಾರ ವಾರ ಊದಿ ಬೆಳ್ಳಗೆ ಮಾಡಿದರೆ ಪ್ರತಿ ವಾರವೂ ಮೊದಲ ದಿನದ ಫಿಲ್ಟರ್. ಮುನೀಮರ ಗಾಡಿಗೆ ಅದರ ಮೇಲೆ ತೂತು ಬೇರೆ.

ಉಸ್ತಾದ್ ಅಷ್ಟಕ್ಕೇ ತೀರ್ಮಾನ ಕೊಡಲಿಲ್ಲ. ಪ್ಲಗ್ ತೆಗೆದು ಆ ಜಾಗಕ್ಕೆ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಕಂಪ್ರೆಶನ್ ಗೇಜ್ ಹಚ್ಚಿ, ಎಕ್ಸಿಲರೇಟರ್ ಪೂರ್ತಿ ತಿರುಗಿಸಿ ಹಿಡಿದು ಏಳೆಂಟು ಕಿಕ್ ಹೊಡೆಸಿದರು. ಮುಳ್ಳು ಏಳು ಕೆಜಿಯ ಹತ್ತಿರ ನಿಂತಿತು. ಆಮೇಲೆ ಪ್ಲಗ್ ತೂತಿನಿಂದ ಒಂದು ಚಮಚ ಆಯಿಲ್ ಬಿಟ್ಟು ಮತ್ತೆ ಕಿಕ್. ಈ ಸಲ ಹತ್ತು ದಾಟಿತು. ಆಯಿಲ್ ಹೋಗಿ ಪಿಸ್ಟನ್ನಿಗೆ ತೊಡಿಸಿದ ರಿಂಗಿನ ಸುತ್ತ ಕೂತು ಸಂದು ಮುಚ್ಚಿದರೆ ಹೀಗೆ ಏರುತ್ತದೆ. ವಾಲ್ವ್ ಸೋರುತ್ತಿದ್ದರೆ ಆಯಿಲ್ ಹಾಕಿದರೂ ಅಷ್ಟಾಗಿ ಏರೋದಿಲ್ಲ. ಐದು ನಿಮಿಷದ ಈ ಪರೀಕ್ಷೆಯನ್ನು ಮಾರ್ಚ್‌ನಲ್ಲೇ ಮಾಡಿದ್ದರೆ ಕ್ಲಚ್ ಪ್ಲೇಟು, ವಾಲ್ವ್ ಸೀಲು ಎರಡರ ಹಣವೂ ಉಳಿಯುತ್ತಿತ್ತು.

ಬಿಚ್ಚಿದಾಗ

ಸಿಲಿಂಡರಿನ ಗೋಡೆಯ ಮೇಲೆ ಮೇಲಿಂದ ಕೆಳಗೆ ಗೆರೆಗಳು. ಉಗುರು ಆಡಿಸಿದರೆ ತಡೆಯುತ್ತಿತ್ತು. ಮೇಲಿನ ರಿಂಗನ್ನು ಸಿಲಿಂಡರಿನೊಳಗೆ ಇಟ್ಟು ಅದರ ಎರಡು ತುದಿಗಳ ನಡುವಿನ ಸಂದು ಅಳೆದೆವು. ಹೊಸದರಲ್ಲಿ 0.1ರಿಂದ 0.3 ಮಿಲಿಮೀಟರ್ ಇರಬೇಕಾದದ್ದು 0.9 ಇತ್ತು. ಬಲಗಡೆಯ ಮುಚ್ಚಳ ತೆಗೆದಾಗ ಇನ್ನೊಂದು ಸಾಕ್ಷಿ ಸಿಕ್ಕಿತು. ಈ ಎಂಜಿನ್‌ನಲ್ಲಿ ಕಾಗದದ ಆಯಿಲ್ ಫಿಲ್ಟರ್ ಇಲ್ಲ. ಒಂದು ಜಾಲರಿ ಇದೆ, ಜೊತೆಗೆ ಕ್ರ್ಯಾಂಕ್ ಜೊತೆ ಗಿರಗಿರ ತಿರುಗುವ ಒಂದು ಬಟ್ಟಲು. ಮೊಸರು ಕಡೆದಾಗ ಬೆಣ್ಣೆ ಬೇರೆಯಾಗುವ ಹಾಗೆ ಆಯಿಲ್‌ನಲ್ಲಿನ ಭಾರದ ಕೊಳೆ ಅದರ ಅಂಚಿಗೆ ಹೋಗಿ ಅಂಟುತ್ತದೆ. ಆ ಬಟ್ಟಲಲ್ಲಿ ಬೂದಿ ಬಣ್ಣದ ಮುದ್ದೆ ಗಟ್ಟಿಯಾಗಿ ಕೂತಿತ್ತು. ಸ್ಕ್ರೂಡ್ರೈವರಿನಿಂದ ಕೆರೆದು ತೆಗೆಯಬೇಕಾಯಿತು. 48,000 ಕಿಲೋಮೀಟರಿನಲ್ಲಿ ಆ ಮುಚ್ಚಳವನ್ನು ಸರ್ವಿಸ್‌ನಲ್ಲಿ ಯಾರೂ ಬಿಚ್ಚಿರಲಿಲ್ಲ. ಕ್ಲಚ್ ಬದಲಿಸಿದ ಹುಡುಗ ಬಿಚ್ಚಿದ್ದ. ಬಟ್ಟಲು ಅವನ ಕಣ್ಣೆದುರೇ ಇತ್ತು, ತೆಗೆದು ನೋಡಿರಲಿಲ್ಲ.

ಇಲ್ಲಿ ಒಂದು ತೀರ್ಮಾನ ಮಾಡಬೇಕಿತ್ತು. ಹಳೆಯ ಬ್ಲಾಕನ್ನೇ ಲೇತ್‌ನಲ್ಲಿ 0.25 ಮಿಲಿಮೀಟರ್ ದೊಡ್ಡದು ಬೋರ್ ಮಾಡಿಸಿ ದೊಡ್ಡ ಪಿಸ್ಟನ್ ಹಾಕೋದು ಒಂದು ದಾರಿ, ಖರ್ಚು ಕಡಿಮೆ. ಹೊಸ ಬ್ಲಾಕ್ ಪಿಸ್ಟನ್ ಕಿಟ್ ಇನ್ನೊಂದು. ನಾನು ಬೋರ್ ಮಾಡಿಸಿ ಅಂದೆ. ಉಸ್ತಾದ್ ಒಪ್ಪಲಿಲ್ಲ. ಗೆರೆ ಆಳ ಇದೆ, 0.25ಕ್ಕೆ ಹೋಗದಿದ್ದರೆ 0.50 ಮಾಡಬೇಕು, ಲೇತಿನವನು ನಾಳೆ ಬಾ ನಾಡಿದ್ದು ಬಾ ಅಂತಾನೆ, ಇವರು ಬಸ್ಸಿಗೆ ನಿಲ್ಲಬೇಕು. ಮುನೀಮರು ಕಿಟ್ ಅಂದರು. ನನಗೆ ಈಗಲೂ ಬೋರ್ ಸಾಕಿತ್ತು ಅನಿಸುತ್ತದೆ, ಆದರೆ ದಿನಾ ಹೋಗಬೇಕಾದವರು ಅವರು. ಕ್ಲಚ್ ಪ್ಲೇಟುಗಳಿಗೆ ಬಿಸ್ಕತ್ ಡಬ್ಬಿಯ ಹಳೆಯವನ್ನೇ ಚೆನ್ನಾಗಿ ತೊಳೆದು, ಸರಿಯಾದ 10ಡಬ್ಲ್ಯು-30ರಲ್ಲಿ ನೆನೆಸಿ ವಾಪಸ್ ಹಾಕಿದರು. ಇವತ್ತಿನವರೆಗೂ ಜಾರಿಲ್ಲ.

ಉಸ್ತಾದ್ ಫಿಲ್ಟರ್ ಪೆಟ್ಟಿಗೆಯ ಮೇಲೆ ಎಂಜಿನ್‌ನಷ್ಟೇ ಹೊತ್ತು ಕೂತರು. ಒಳಗೆಲ್ಲ ಒರೆಸಿ, ರಬ್ಬರ್ ಕೊಳವೆ ಸೀಳಿದೆಯಾ ನೋಡಿ, ಕ್ಲಿಪ್ ಬಿಗಿ ಮಾಡಿ, ಫಿಲ್ಟರಿನ ಅಂಚು ಕೂರುವ ಜಾಗಕ್ಕೆ ತೆಳುವಾಗಿ ಗ್ರೀಸ್ ಸವರಿದರು. ಎಷ್ಟು ಒಳ್ಳೆಯ ಫಿಲ್ಟರ್ ಆದರೂ ಅಂಚಿನಲ್ಲಿ ಸಂದು ಇದ್ದರೆ ಗಾಳಿ ಆ ದಾರಿಯನ್ನೇ ಹಿಡಿಯುತ್ತದೆ.

ಅದೇ ದಿನ ಕಂಡ ಬೇರೆ ಸಣ್ಣಪುಟ್ಟವು: ಚೈನ್ ಕವರಿನೊಳಗೆ ಹೋದ ಮಳೆಗಾಲದ ಎರೆ ಮಣ್ಣು ಕಲ್ಲಾಗಿ ಕೂತಿತ್ತು. ಹಿಂದಿನ ಟೈರಿನಲ್ಲಿ ಹವಾ 20 ಪಿಎಸ್‌ಐ. ಈ ಗಾಡಿಗೆ ಒಬ್ಬರೇ ಇದ್ದರೆ ಹಿಂದೆ 28, ಇಬ್ಬರಾದರೆ 40ರ ಹತ್ತಿರ, ಮುಂದೆ 25 ಬೇಕು. ಬೆಳಿಗ್ಗೆ ಟೈರ್ ತಣ್ಣಗಿದ್ದಾಗ ನೋಡಬೇಕು. ಮೈಲೇಜ್ ಇಳಿದದ್ದರಲ್ಲಿ ಇದರ ಪಾಲೂ ಇತ್ತು.

ಆಮೇಲೆ

ಮೊದಲ 500 ಕಿಲೋಮೀಟರ್ ಐವತ್ತರ ಒಳಗೆ ಓಡಿಸಿದರು. ಒಂದೇ ವೇಗದಲ್ಲಿ ಎಳೆಯಲಿಲ್ಲ. ಆಯಿಲ್ ಬದಲಿಸಿದರು. ತೆಗೆದ ಆಯಿಲ್ ಬಿಸಿಲಲ್ಲಿ ಮಿಣಮಿಣ ಅಂತಿತ್ತು, ಹೊಸ ರಿಂಗ್ ಕೂರುವಾಗ ಅಷ್ಟು ಕಬ್ಬಿಣದ ಪುಡಿ ಬರುತ್ತದೆ, ಅದಕ್ಕೇ ಆ ಮೊದಲ ಬದಲಾವಣೆ ಬೇಗ ಮಾಡಬೇಕು. ಆಗಸ್ಟ್ ಹೊತ್ತಿಗೆ ಮೈಲೇಜ್ 60. ಮೇ ಕೊನೆಯಲ್ಲಿ 48 ಇತ್ತು. ತಿಂಗಳಿಗೆ ಆರು ಲೀಟರ್ ಉಳಿಯಿತು ಅಂತ ಮುನೀಮರು ಲೆಕ್ಕ ಹಾಕಿ ತೋರಿಸಿದರು. ಪೆಟ್ರೋಲ್ ನೂರು ದಾಟಿದ ಕಾಲದಲ್ಲಿ ಅದು ಸಣ್ಣದಲ್ಲ.

ಹೊಸ ವೇಳಾಪಟ್ಟಿಯ ಬಗ್ಗೆ ನಮ್ಮಲ್ಲಿ ಜಗಳವೇ ಆಯಿತು. ಪುಸ್ತಕದಲ್ಲಿ ಏರ್ ಫಿಲ್ಟರ್ 12,000ಕ್ಕೆ ಬದಲಿಸಿ ಅಂತ ಇದೆ. ಕೆಳಗೆ ಸಣ್ಣ ಅಕ್ಷರದಲ್ಲಿ, ಧೂಳಿನ ಜಾಗದಲ್ಲಿ ಬೇಗ ಬದಲಿಸಿ. ಬೇಗ ಅಂದರೆ ಎಷ್ಟು ಅಂತ ಇಲ್ಲ. ಉಸ್ತಾದ್ 4,000 ಅಂದರು, ನಾನು 6,000 ಅಂದೆ. 5,000ಕ್ಕೆ ನಿಂತೆವು. ನಡುವೆ ಒಮ್ಮೆ ಮಾತ್ರ ತೆಗೆದು ಮರದ ಹಲಗೆಗೆ ಮೆಲ್ಲಗೆ ತಟ್ಟೋದು, ಬಿಸಿಲಿಗೆ ಹಿಡಿದು ನೋಡೋದು, ವಾಪಸ್ ಹಾಕೋದು. ಕಂಪ್ರೆಸರ್ ಹತ್ತಿರ ಹೋಗೋದೇ ಬೇಡ. ಫಿಲ್ಟರಿನ ಬೆಲೆ ಆಗ ಎರಡು ಲೀಟರ್ ಪೆಟ್ರೋಲಿಗಿಂತ ಹೆಚ್ಚಿರಲಿಲ್ಲ. ಪುಸ್ತಕದಲ್ಲಿ 6,000ಕ್ಕೆ ಇರುವ ಆಯಿಲ್ ಬದಲಾವಣೆಯನ್ನು 3,000ಕ್ಕೆ ತಂದೆವು. ತಿರುಗುವ ಬಟ್ಟಲನ್ನು ವರ್ಷಕ್ಕೊಮ್ಮೆ ಬಿಚ್ಚಿ ಒರೆಸಬೇಕು.

ಇದು ಮುನೀಮರ ಗಾಡಿಗೆ, ಆ ದಾರಿಗೆ ಮಾಡಿಕೊಂಡ ಲೆಕ್ಕ. ಊರೊಳಗೆ ಓಡುವ ಗಾಡಿಗೆ ಪುಸ್ತಕದ ಲೆಕ್ಕವೇ ಸಾಕು. ಕೆಲವು ಗಾಡಿಗಳಿಗೆ ಎಣ್ಣೆ ಹಚ್ಚಿದ ಕಾಗದದ ಫಿಲ್ಟರ್ ಬರುತ್ತದೆ, ಅದನ್ನು ತಟ್ಟಲೂಬಾರದು ಊದಲೂಬಾರದು, ಬದಲಿಸಬೇಕು ಅಷ್ಟೇ. ಸ್ಪಂಜಿನದಾದರೆ ಸೀಮೆಎಣ್ಣೆಯಲ್ಲಿ ತೊಳೆದು, ಹಿಂಡಿ, ಒಣಗಿಸಿ, ಎಣ್ಣೆಯಲ್ಲಿ ನೆನೆಸಿ, ಮತ್ತೆ ಹಿಂಡಿ ಹಾಕಬೇಕು. ನಿಮ್ಮದು ಯಾವುದು ಅಂತ ಪುಸ್ತಕದಲ್ಲಿ ಇರುತ್ತದೆ. ಮದುವೆ ಊಟದಲ್ಲಿ ನಾನು ಕೇಳಬೇಕಿದ್ದ ಮೊದಲ ಪ್ರಶ್ನೆ ಅದು.

2024ರ ಮಾರ್ಚ್‌ನಲ್ಲಿ ಮೀಟರ್ 61,000 ದಾಟಿತು. ಎರಡು ಆಯಿಲ್ ಬದಲಾವಣೆಗಳ ನಡುವೆ ಒಂದು ಹನಿಯೂ ಮೇಲೆ ಹಾಕಿಲ್ಲ. ಕಡ್ಡಿಯಲ್ಲಿ ಆಯಿಲ್ ಎರಡು ಗೆರೆಗಳ ನಡುವೆ ನಿಲ್ಲುತ್ತದೆ. ಮುನೀಮರು ಈಗ ತೂತಾದ ಹಳೆಯ ಫಿಲ್ಟರನ್ನು ಕಾರ್ಖಾನೆಯ ಕಂಪ್ರೆಸರ್ ಪಕ್ಕದ ಮೊಳೆಗೆ ನೇತು ಹಾಕಿದ್ದಾರೆ. ಅಲ್ಲಿ ಶನಿವಾರ ಸಂಜೆ ಊದುವವರು ಇವರೊಬ್ಬರೇ ಇರಲಿಲ್ಲ. ಹೋದ ತಿಂಗಳು ಒಪ್ಪಿದವರ ಹನ್ನೊಂದು ಗಾಡಿಗಳ ಫಿಲ್ಟರ್ ಬಿಚ್ಚಿಸಿ ಬಿಸಿಲಿಗೆ ಹಿಡಿದು ನೋಡಿದರಂತೆ. ನಾಲ್ಕರಲ್ಲಿ ತೂತು. ಮೂವರು ಅದೇ ವಾರ ಹೊಸದು ಹಾಕಿಸಿದರು.

ನಾಲ್ಕನೆಯವನು ಫಿಲ್ಟರ್ ವಾಪಸ್ ಇಸಿದುಕೊಂಡು, 'ಊದಿದ ಮರುದಿನ ಗಾಡಿ ಹೆಂಗ್ ಓಡ್ತದ ನಿಮಗೇನ್ ಗೊತ್ತದ್ರಿ ಮುನೀಮ್ರೇ' ಅಂತ ಹೇಳಿ ಕಂಪ್ರೆಸರ್ ಚಾಲೂ ಮಾಡಿದನಂತೆ.